ಗೋವೆಯಿಂದ ಹಿಮಸಮುದ್ರಕ್ಕೆ

ಗೋವೆಯ ಇತಿಹಾಸವೆಂದೊಡನೆ ವಾಸ್ಕೋ ಡ ಗಾಮನೂ, 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ನಗರವನ್ನು ಕಸಿದುಕೊಂಡ ಅಲ್ಬುಕರ್ಕನೂ ನಮ್ಮ ವಿದ್ಯಾರ್ಥಿಗಳ ನಾಲಗೆಯ ಮೇಲೆ ಬರುತ್ತಾರೆ. ಅದೇ ನಗರದಲ್ಲಿ ಐದು ವರ್ಷ ಲೇಖನಿ ಹಿಡಿದು ಕುಳಿತಿದ್ದ ಡಚ್ ತರುಣನೊಬ್ಬನನ್ನು ನಾವು ಮರೆತಿದ್ದೇವೆ. ಉತ್ತರಧ್ರುವದ ಹಿಮ ಕರಗಿ ಹೊಸ ಹಡಗುದಾರಿ ತೆರೆಯುತ್ತಿದೆಯೆಂಬ ವಾರ್ತೆಯನ್ನು ಓದಿದಾಗಲೆಲ್ಲ ನಮಗೆ ನೆನಪಾಗುವವನು ಅವನೇ.

ಯಾನ್ ಹೂಯ್ಗೆನ್ ವಾನ್ ಲಿನ್ಸ್‌ಖೋಟನ್ 1583ರಲ್ಲಿ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಗೋವೆಗೆ ಬಂದನು. ಆಫ್ರಿಕವನ್ನು ಬಳಸಿ ಬರುವ ಜಲಮಾರ್ಗದ ಮರ್ಮವನ್ನು ಪೋರ್ತುಗೀಸರು ಆಗ ಕಾಪಾಡಿಕೊಂಡಿದ್ದರು. ಗಾಳಿ ತಿರುಗುವ ತಿಂಗಳು, ನೀರಿನ ಆಳ, ಬಂದರುಗಳ ಗುರುತು ಎಲ್ಲವನ್ನೂ ಅವನು ಸಂಗ್ರಹಿಸಿಕೊಂಡು 1592ರಲ್ಲಿ ಸ್ವದೇಶ ಸೇರಿದನು.

ಪೋರ್ತುಗೀಸರ ಫಿರಂಗಿಗಳನ್ನು ತಪ್ಪಿಸಿ, ರಷ್ಯದ ಉತ್ತರಕ್ಕೆ ಸುತ್ತಿ ಪೂರ್ವದೇಶಗಳನ್ನು ಮುಟ್ಟಬಹುದೆಂದು ಡಚ್ಚರು ಎಣಿಸಿದ್ದರು. ಗೋವೆಯ ಸೆಕೆಯಲ್ಲಿ ಬೆವರಿದ್ದ ಲಿನ್ಸ್‌ಖೋಟನ್ನನೇ ಆ ಹಡಗುಗಳನ್ನೇರಿದನು! 1594ರಲ್ಲಿ ಕಾರಾ ಸಮುದ್ರದವರೆಗೆ ದಾರಿ ದೊರೆಯಿತು. 1595ರಲ್ಲಿ ಹಿಮವು ಅಡ್ಡಗಟ್ಟಿತು. ಅವನ ಸಹಯಾತ್ರಿ ಬಾರೆಂಟ್ಸನು ಮತ್ತೊಮ್ಮೆ ಹೋಗಿ, ನೋವಯಾ ಜೆಮ್ಲ್ಯಾ ದ್ವೀಪದಲ್ಲಿ ಚಳಿಗಾಲವನ್ನು ಕಳೆದು, 1597ರಲ್ಲಿ ಮರಳುವ ಹಾದಿಯಲ್ಲಿ ಪ್ರಾಣಬಿಟ್ಟನು. ಉತ್ತರದ ಬಾಗಿಲು ಮುಚ್ಚಿತು. ಆದರೆ ಲಿನ್ಸ್‌ಖೋಟನ್ ಅಚ್ಚು ಹಾಕಿಸಿದ ಗ್ರಂಥವೇ ಡಚ್ಚರಿಗೆ ದಕ್ಷಿಣದ ದಾರಿ ತೋರಿತು. ಮುಂದೆ ಅವರು ಗೋವೆಯ ಬಂದರನ್ನು ಮುತ್ತಿದರು, 1663ರಲ್ಲಿ ಕೊಚ್ಚಿಯನ್ನೂ ಕಿತ್ತುಕೊಂಡರು. ಗೋವೆಯ ವೈಭವವು ಕುಂದಿದ್ದಕ್ಕೆ ಅನೇಕ ಕಾರಣಗಳುಂಟು. ಗೋವೆಯಲ್ಲೇ ಬರೆದುಕೊಂಡ ಟಿಪ್ಪಣಿಗಳೂ ಅವುಗಳಲ್ಲಿ ಒಂದೆಂದು ನಮ್ಮ ಅಭಿಪ್ರಾಯ.

ಆ ಹಿಮದ ದಾರಿಯನ್ನು ಮೊದಲು ಪೂರೈಸಿದ್ದು ನೋರ್ಡೆನ್‌ಷೋಲ್ಡನ 'ವೇಗ' ನೌಕೆ, 1878-79ರಲ್ಲಿ. ಅದೂ ನಡುವೆ ಸುಮಾರು ಹತ್ತು ತಿಂಗಳು ಹಿಮದಲ್ಲಿ ಸಿಕ್ಕಿಕೊಂಡಿತ್ತು. 2018ರಲ್ಲಾದರೋ 'ವೆಂಟಾ ಮಾಯರ್ಸ್ಕ್' ಎಂಬ ಸರಕುನೌಕೆ ಆಗಸ್ಟಿನಲ್ಲಿ ವ್ಲಾಡಿವಾಸ್ತೋಕನ್ನು ಬಿಟ್ಟು ಸೆಪ್ಟೆಂಬರಿನಲ್ಲೇ ಸೇಂಟ್ ಪೀಟರ್ಸ್‌ಬರ್ಗನ್ನು ತಲಪಿತು. 1980ರ ಸುಮಾರಿಗೆ ಸೆಪ್ಟೆಂಬರಿನಲ್ಲಿ ಎಪ್ಪತ್ತು ಲಕ್ಷ ಚದರ ಕಿಲೋಮೀಟರಿನಷ್ಟು ಉಳಿಯುತ್ತಿದ್ದ ಹಿಮ 2012ರಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು.

ಈ ದಾರಿಯಿಂದ ಜಪಾನಿಗೂ ಯುರೋಪಿಗೂ ನಡುವಣ ದೂರ ತಗ್ಗುತ್ತದೆ. ಗೋವೆಗೆ ಒಂದು ಮೈಲಿಯೂ ಉಳಿಯದು. ತೇಲುವ ಹಿಮ ಕರಗಿದರೆ ಕಡಲು ಏರದೆಂಬುದನ್ನು ತರಗತಿಯಲ್ಲಿ ಒಂದು ಲೋಟ ನೀರಿನಿಂದಲೇ ತೋರಿಸಬಹುದು. ಆದರೆ ಅದನ್ನು ಕರಗಿಸುವ ತಾಪವೇ ಗ್ರೀನ್‌ಲೆಂಡಿನ ನೆಲದ ಹಿಮವನ್ನೂ ಕರಗಿಸುತ್ತಿದೆ. ಮಾಂಡವಿ, ಜುವಾರಿ ನದಿಗಳ ದಡದಲ್ಲಿ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು ಬತ್ತ ಬೆಳೆಯುವ ಖಾಜಣ ಗದ್ದೆಗಳಿಗೆ ಭಯವಿರುವುದು ಅದರಿಂದ.

ವಾಸ್ಕೋ ಪಟ್ಟಣದ ಸಡಾ ಗುಡ್ಡದ ಮೇಲೆ ಈಗ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರವಿದೆ. 2008ರಲ್ಲಿ ಸ್ವಾಲ್ಬಾರ್ಡ್ ದ್ವೀಪದಲ್ಲಿ ತೆರೆದ ನಮ್ಮ 'ಹಿಮಾದ್ರಿ' ಠಾಣ್ಯವನ್ನು ನಡೆಸುವವರು ಇಲ್ಲಿಯವರೇ. 2014ರಲ್ಲಿ ಅಲ್ಲಿಯ ಕಾಂಗ್ಸ್ ಕಡಲಚಾಚಿನಲ್ಲಿ, ಸುಮಾರು 190 ಮೀಟರ್ ಆಳದ ತಳಕ್ಕೆ ಲಂಗರು ಕಟ್ಟಿ ಯಂತ್ರಗಳನ್ನು ಇಳಿಬಿಟ್ಟು, ನೀರಿನ ಬಿಸಿಯನ್ನೂ ಉಪ್ಪನ್ನೂ ಅಳೆಯತೊಡಗಿದರು. ಲಿನ್ಸ್‌ಖೋಟನ್ನನ ಹಡಗುಗಳನ್ನು ತಡೆದ ಹಿಮಸಮುದ್ರದ ಲೆಕ್ಕ ಹೀಗೆ ಗೋವೆಗೇ ಬಂದು ಸೇರಿತು.