ಕಟ್ಟ: ತೋಡಿನ ನೀರನ್ನು ನೆಲಕ್ಕಿಳಿಸುವ ಸಾಮೂಹಿಕ ಪದ್ಧತಿ

ಮಳೆಗಾಲದ ಬಳಿಕ ತೋಡಿನ ಹರಿವನ್ನು ತಡೆಯಲು ಕೃಷಿಕರು ಒಟ್ಟಾಗಿ ನಿರ್ಮಿಸುವ ತಾತ್ಕಾಲಿಕ ಒಡ್ಡಿಗೆ ಕಾಸರಗೋಡಿನಲ್ಲಿ 'ಕಟ್ಟ' ಎಂದು ಹೆಸರು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿದರೂ ಇಳಿಜಾರು ನೆಲದ ಈ ಜಿಲ್ಲೆಯಲ್ಲಿ ನೀರು ಬೇಗನೆ ಕಡಲು ಸೇರುತ್ತದೆ. ಆದುದರಿಂದ ನವೆಂಬರ್–ಡಿಸೆಂಬರ್ ವೇಳೆಗೆ ಕಲ್ಲು, ಮಣ್ಣು, ಅಡಿಕೆ ಮರಗಳಿಂದ ಕಟ್ಟ ಹಾಕುತ್ತಾರೆ. ಈಗ ಪ್ಲಾಸ್ಟಿಕ್ ಹಾಳೆಯೂ ಬಳಕೆಯಲ್ಲಿದೆ. ನಿಂತ ನೀರು ಇಂಗಿ ಬಾವಿ, ಸುರಂಗಗಳಿಗೆ ಒರತೆಯಾಗುತ್ತದೆ; ಅಡಿಕೆ ತೋಟಗಳನ್ನು ಬೇಸಗೆಯಲ್ಲಿ ಕಾಯುತ್ತದೆ.

ಒಂದೇ ಕಟ್ಟದಿಂದ ಪ್ರಯೋಜನ ಅಲ್ಪ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿರುವಂತೆ ಸರಣಿಯಾಗಿ ಕಟ್ಟಿದಾಗ ಇಡೀ ಕಣಿವೆಗೆ ಲಾಭ. ಕೊಳವೆಬಾವಿಗಳು ಹೆಚ್ಚಿ, ಕೂಲಿಯಾಳುಗಳು ದುರ್ಲಭರಾದಂತೆ ಹಲವೆಡೆ ಈ ಪದ್ಧತಿ ನಿಂತಿತು. ಕೊಳವೆಬಾವಿ ಒಬ್ಬರ ಸ್ವತ್ತು. ಕಟ್ಟಕ್ಕೆ ನೆರೆಹೊರೆಯ ಒಮ್ಮತ ಪ್ರತಿವರ್ಷವೂ ಬೇಕು. ಕಟ್ಟ, ತೋಡು, ಒರತೆ ಎಂಬ ಮಾತುಗಳು ನಮ್ಮ ಮಕ್ಕಳಲ್ಲಿ ಉಳಿಯಬೇಕಾದರೆ ಕಟ್ಟ ಹಾಕುವ ದಿನ ಅವರೂ ತೋಡಿನಲ್ಲಿರಬೇಕು.