ಪ್ರಾವೆಟ್ಸ್‌ನ ಡಬ್ಬಿ ಲೆಕ್ಕ

ಒಂದು ಲೆಕ್ಕ ಕೊಡ್ತೀನಿ, ನೋಡಿ. ಸಾಲಾಗಿ ಹತ್ತು ಡಬ್ಬಿಗಳಿವೆ. ಅಕ್ಕಪಕ್ಕದ ಎರಡು ಖಾಲಿ. ಉಳಿದ ಎಂಟರಲ್ಲಿ ಒಂದೊಂದು ಚೀಟಿ: ನಾಲ್ಕು ‘ಎ’, ನಾಲ್ಕು ‘ಬಿ’, ಕಲಸಿಹೋಗಿವೆ. ಒಂದು ಸಲಕ್ಕೆ ಅಕ್ಕಪಕ್ಕದ ಎರಡು ಚೀಟಿಗಳನ್ನು, ಕ್ರಮ ಬದಲಿಸದೆ, ಖಾಲಿ ಜಾಗಕ್ಕೆ ಎತ್ತಿಡಬಹುದು. ‘ಎ’ಗಳೆಲ್ಲ ‘ಬಿ’ಗಳ ಎಡಕ್ಕೆ ಬರಬೇಕು. ಕಡಿಮೆ ಅಂದ್ರೆ ಎಷ್ಟು ಸಲ ಎತ್ತಿಡಬೇಕು?

ಇಂಟರ್ವ್ಯೂಗೆ ತಯಾರಿ ಮಾಡಿದವರು ಮನಸ್ಸಲ್ಲೇ ‘ಬಿಎಫ್‌ಎಸ್’ ಅಂದಿರ್ತೀರಿ. ಸರಿಯೇ. ಖಾಲಿ ಜೋಡಿಗೆ 9 ಜಾಗ, ಚೀಟಿ ಜೋಡಿಸೋಕೆ 70 ಬಗೆ, ಒಟ್ಟು 630 ಸ್ಥಿತಿಗಳು. ಇವತ್ತಿನ ಮೊಬೈಲ್‌ಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇದನ್ನು ಕೇಳಿದ್ದು 1989ರ ಮೇ ತಿಂಗಳಲ್ಲಿ, ಬಲ್ಗೇರಿಯಾದ ಪ್ರಾವೆಟ್ಸ್ ಎಂಬ ಸಣ್ಣ ಪಟ್ಟಣದಲ್ಲಿ. ಬಿಡಿಸಲು ಕೂತಿದ್ದವರು 13 ದೇಶಗಳ 46 ಶಾಲಾಮಕ್ಕಳು. ಶಾಲಾಮಕ್ಕಳಿಗಾಗಿ ನಡೆಯುವ ಅಂತಾರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್, ಅಂದರೆ ಐಒಐ, ಶುರುವಾಗಿದ್ದು ಹೀಗೆ. ಆ ವರ್ಷ ಇದ್ದದ್ದು ಈ ಒಂದೇ ಪ್ರಶ್ನೆ.

ಪ್ರಾವೆಟ್ಸೇ ಯಾಕೆ? ಮೂವತ್ತೈದು ವರ್ಷ ದೇಶ ಆಳಿದ ಕಮ್ಯುನಿಸ್ಟ್ ನಾಯಕ ತೊದೊರ್ ಜಿವ್‌ಕೊವ್ ಹುಟ್ಟಿದ ಊರು ಅದು. ನಾಯಕರ ಊರಿಗೆ ಫ್ಯಾಕ್ಟರಿ ಬರೋದು ನಮಗೇನೂ ಹೊಸದಲ್ಲ ಬಿಡಿ. ಅಲ್ಲಿಗೆ ಬಂದದ್ದು ಕಂಪ್ಯೂಟರ್ ಫ್ಯಾಕ್ಟರಿ. ಆಪಲ್ 2ರ ನಕಲಾದ ‘ಪ್ರಾವೆಟ್ಸ್ 82’ ಅಲ್ಲಿ ತಯಾರಾಗುತ್ತಿತ್ತು. ನಕಲೇ, ಆದರೆ ಅವರ ಲಿಪಿ ಇತ್ತು: ಇಂಗ್ಲಿಷ್‌ನ ಸಣ್ಣಕ್ಷರಗಳನ್ನು ಕಿತ್ತುಹಾಕಿ ಆ ಜಾಗದಲ್ಲಿ ಸಿರಿಲಿಕ್ ಅಕ್ಷರ ಕೂರಿಸಿದ್ದರು. ಎಂಬತ್ತರ ದಶಕದಲ್ಲೇ ಈ ಪೆಟ್ಟಿಗೆಗಳು ಶಾಲೆಗಳಿಗೆ ಹೋದವು. ನಮ್ಮೂರ ಕನ್ನಡ ಶಾಲೆಯಲ್ಲಿ ಓದಿದ ನಾನು ಕೀಬೋರ್ಡ್ ಮುಟ್ಟಿದ್ದು ಬಿಇ ಮೊದಲ ವರ್ಷದ ಲ್ಯಾಬಿನಲ್ಲಿ, ಟರ್ಬೊ ಸಿ ಎದುರು. ಹಾಗಾಗಿ ಈ ಭಾಗ ಓದುವಾಗ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತೆ.

ಸ್ಪರ್ಧೆಯ ಪ್ರಸ್ತಾಪವನ್ನು 1987ರಲ್ಲಿ ಯುನೆಸ್ಕೊ ಮುಂದಿಟ್ಟವರು ಬಲ್ಗೇರಿಯಾದ ಗಣಿತಜ್ಞ ಬ್ಲಾಗೊವೆಸ್ಟ್ ಸೆಂಡೊವ್. ಗಣಿತಕ್ಕೆ ಇಂಥ ಒಲಿಂಪಿಯಾಡ್ 1959ರಿಂದಲೂ ಇತ್ತು, ಪ್ರೋಗ್ರಾಮಿಂಗ್‌ಗೆ ಇರಲಿಲ್ಲ. ಮೊದಲ ಸ್ಪರ್ಧೆ ಮುಗಿದು ಆರು ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು. ಮರುದಿನವೇ, ನವೆಂಬರ್ 10ರಂದು, ಜಿವ್‌ಕೊವ್ ಅಧಿಕಾರವೂ ಹೋಯಿತು. ಒಲಿಂಪಿಯಾಡ್ ಮಾತ್ರ ಇವತ್ತಿಗೂ ಪ್ರತಿವರ್ಷ ನಡೀತಿದೆ.

ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಅದೇ 1989ರಲ್ಲಿ ‘ಡಾರ್ಕ್ ಅವೆಂಜರ್’ ಎಂಬ ಅಡ್ಡಹೆಸರಿನವನೊಬ್ಬ ಬರೆದ ವೈರಸ್ ಹರಡತೊಡಗಿತ್ತು. ತಾನು ಸೋಫಿಯಾ ನಗರದಲ್ಲಿ ಹುಟ್ಟಿದ್ದು ಅಂತ ಅದರ ಒಳಗೇ ಬರೆದಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಬಲ್ಗೇರಿಯಾಕ್ಕೆ ‘ವೈರಸ್ ಕಾರ್ಖಾನೆ’ ಅನ್ನೋ ಹೆಸರೇ ಬಿತ್ತು. ಅಲ್ಲಿನವರೇ ಆದ ಆ್ಯಂಟಿವೈರಸ್ ಪರಿಣತ ವೆಸೆಲಿನ್ ಬೊಂಚೆವ್ ಇದಕ್ಕೆ ಕೊಟ್ಟ ಕಾರಣ ಸರಳ: ಕೈಯಲ್ಲಿ ಕಸುಬಿರುವ ಹುಡುಗರು ಬೇಕಾದಷ್ಟು ಇದ್ದರು, ಆ ಕಸುಬನ್ನು ಕೊಳ್ಳುವ ಉದ್ಯಮ ಇರಲಿಲ್ಲ, ತಡೆಯುವ ಕಾನೂನೂ ಇರಲಿಲ್ಲ. ಸ್ಪರ್ಧೆ ಪ್ರತಿಭೆಯನ್ನು ಗುರುತಿಸುತ್ತೆ. ಆಮೇಲಿನ ಕೆಲಸವನ್ನು ಅದು ಕೊಡೋದಿಲ್ಲ.

ಭಾರತ ಐಒಐಗೆ ತಂಡ ಕಳಿಸಿದ್ದು 2002ರಲ್ಲಿ, ದಕ್ಷಿಣ ಕೊರಿಯಾಕ್ಕೆ. ದೇಶಕ್ಕೆ ನಾಲ್ಕೇ ಸೀಟು. ನನಗೆ ಇಷ್ಟವಾದದ್ದು ಆಯ್ಕೆಯ ಮೊದಲ ಹಂತ. ನಮ್ಮ ವಲಯ ಮಟ್ಟದ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡನ್ನು ರೂಪಿಸಿದ್ದು ಕಾಗದ, ಪೆನ್ನಿನ ಪರೀಕ್ಷೆಯಾಗಿ. ಪ್ರೋಗ್ರಾಮಿಂಗ್ ಗೊತ್ತಿರಲೇಬೇಕಿಲ್ಲ, ಕಂಪ್ಯೂಟರೂ ಬೇಡ. ಡಬ್ಬಿ ಲೆಕ್ಕದಂಥವನ್ನು ಕೈಯಲ್ಲೇ ಬಿಡಿಸಿದರೆ ಸಾಕು. ಆದರೆ ಇಂಥದ್ದೊಂದು ಇದೆ ಅಂತ ಹಳ್ಳಿಯ ಶಾಲೆಗೆ ಹೇಳುವವರು ಯಾರು? ನಾನು ಹೈಸ್ಕೂಲು ಮುಗಿಸುವವರೆಗೂ ಇದರ ಹೆಸರೇ ಕೇಳಿರಲಿಲ್ಲ.

ಐಒಐಯ ಒಂದು ಪದ್ಧತಿ ಬಗ್ಗೆ ಹೇಳಲೇಬೇಕು. ಸ್ಪರ್ಧೆಯ ಹಿಂದಿನ ರಾತ್ರಿ ಪ್ರಶ್ನೆಗಳು ಅಂತಿಮವಾಗುತ್ತವೆ. ಆಮೇಲೆ ತಂಡಗಳ ಮುಖ್ಯಸ್ಥರು ನಿದ್ದೆಗೆಟ್ಟು, ಅವನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದಿಸುತ್ತಾರೆ. ಬೆಳಗ್ಗೆ ಇರಾನಿನ ಹುಡುಗಿ ಪರ್ಷಿಯನ್‌ನಲ್ಲಿ, ಜಪಾನಿನ ಹುಡುಗ ಜಪಾನಿಯಲ್ಲಿ ಓದಬಹುದು. ಕೋಡ್ ಮಾತ್ರ ಎಲ್ಲರಿಗೂ ಒಂದೇ. ಡಬ್ಬಿ ಲೆಕ್ಕ ಕನ್ನಡದಲ್ಲಿ ಬರೆಯೋಕೆ ನನಗೆ ಹಿಡಿದದ್ದು ಒಂದು ಪ್ಯಾರಾ.