ಇಬ್ಬರು ಮುತ್ಸದ್ದಿಗಳ ಕಾಗದಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸ್ವಾತಂತ್ರ್ಯದ ಚರಿತ್ರೆಯನ್ನು ಓದುವವರಿಗೆ ಮೊಟ್ಟಮೊದಲು ಕಾಣುವ ವ್ಯಕ್ತಿ ಜಾರ್ಜ್ ವಾಷಿಂಗ್ಟನ್. ಕುದುರೆಯೇರಿದ ಸೇನಾಪತಿಯ ಚಿತ್ರ ಬೇಗನೆ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಕತ್ತಿಯಿಂದ ಗೆದ್ದಮಾತ್ರಕ್ಕೆ ರಾಜ್ಯವು ನೆಲೆಗೊಳ್ಳುವುದಿಲ್ಲ. ಅದು ಯಾವ ನಿಯಮದಂತೆ ನಡೆಯಬೇಕು, ಅಧಿಕಾರವು ಯಾರ ಕೈಯಲ್ಲಿರಬೇಕು, ಆ ಅಧಿಕಾರಕ್ಕೆ ಎಲ್ಲೆ ಯಾವುದು ಎಂಬುದನ್ನು ಯಾರಾದರೂ ಕುಳಿತು ಆಲೋಚಿಸಬೇಕು. ಹಾಗೆ ಆಲೋಚಿಸಿದವರಲ್ಲಿ ಮುಖ್ಯರಾದ ಇಬ್ಬರು ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್. ಇವರು ಮೊದಲು ಜೊತೆಯಾಗಿ ದುಡಿದರು. ಆಮೇಲೆ ಒಬ್ಬರ ಹೆಸರನ್ನೊಬ್ಬರು ಸಹಿಸಲಾರದಷ್ಟು ದೂರವಾದರು. ಮುಪ್ಪಿನಲ್ಲಿ ಕಾಗದಗಳ ಮೂಲಕ ಮತ್ತೆ ಕೂಡಿದರು. ಆ ಕಾಗದಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಹೇಳಿರುವುದು ಬಹಳ. ಹೇಳದೆ ಬಿಟ್ಟಿರುವ ಒಂದು ಸಂಗತಿಯೂ ಅಷ್ಟೇ ಗಮನಿಸತಕ್ಕದ್ದು.

ಆಡಮ್ಸನು ಹುಟ್ಟಿದ್ದು ೧೭೩೫ರಲ್ಲಿ, ಮ್ಯಾಸಚೂಸೆಟ್ಸ್ ಪ್ರಾಂತದ ಬ್ರೇನ್‌ಟ್ರೀ ಎಂಬ ಊರಿನಲ್ಲಿ. ತಂದೆ ಒಕ್ಕಲುತನದವನು, ಪಾದರಕ್ಷೆಗಳನ್ನೂ ಹೊಲಿಯುತ್ತಿದ್ದನು. ಮಗನು ಹಾರ್ವರ್ಡ್ ವಿದ್ಯಾಶಾಲೆಯಲ್ಲಿ ಓದಿ ವಕೀಲನಾದನು. ಕುಳ್ಳಾದ ಸ್ಥೂಲ ಶರೀರ, ಬೇಗನೆ ಕೆರಳುವ ಸ್ವಭಾವ, ಮನಸ್ಸಿನಲ್ಲಿದ್ದುದನ್ನು ಮರೆಸಲಾರದ ನಾಲಗೆ. ಆತನ ಧೈರ್ಯ ಎಂಥದೆಂಬುದಕ್ಕೆ ಒಂದೇ ನಿದರ್ಶನ ಸಾಕು. ೧೭೭೦ನೆಯ ಮಾರ್ಚಿ ತಿಂಗಳಲ್ಲಿ ಬಾಸ್ಟನ್ ನಗರದ ಬೀದಿಯಲ್ಲಿ ಆಂಗ್ಲ ಸಿಪಾಯಿಗಳು ಗುಂಡು ಹಾರಿಸಿದರು, ಐವರು ಸತ್ತರು. ಊರೆಲ್ಲ ಕುದಿಯುತ್ತಿರುವಾಗ ಆ ಸಿಪಾಯಿಗಳ ಪರವಾಗಿ ನ್ಯಾಯಸ್ಥಾನದಲ್ಲಿ ನಿಂತವನು ಆಡಮ್ಸನೇ. ಅವರ ನಾಯಕನಿಗೂ ಎಂಟು ಮಂದಿ ಸಿಪಾಯಿಗಳಲ್ಲಿ ಆರು ಮಂದಿಗೂ ಬಿಡುಗಡೆಯಾಯಿತು. ಆಂಗ್ಲ ಸರ್ಕಾರವನ್ನು ವಿರೋಧಿಸುತ್ತಿದ್ದವನೇ ಅದರ ಸಿಪಾಯಿಗಳಿಗೆ ನ್ಯಾಯ ದೊರಕಿಸಿಕೊಟ್ಟನು. ಜನರ ಕೋಪಕ್ಕಿಂತ ಕಾನೂನು ದೊಡ್ಡದೆಂಬ ನಂಬಿಕೆ ಆತನಲ್ಲಿ ಕಡೆಯವರೆಗೂ ಅಳಿಯಲಿಲ್ಲ.

ಜೆಫರ್ಸನನು ಆಡಮ್ಸನಿಗಿಂತ ಏಳು ವರ್ಷ ಚಿಕ್ಕವನು; ೧೭೪೩ರಲ್ಲಿ ವರ್ಜೀನಿಯಾ ಪ್ರಾಂತದಲ್ಲಿ ಹುಟ್ಟಿದನು. ಎತ್ತರದ ಆಳು, ಮೆಲುಮಾತಿನವನು. ಸಭೆಯಲ್ಲಿ ಎದ್ದು ಮಾತನಾಡಲು ಸಂಕೋಚ. ಲೇಖನಿ ಹಿಡಿದರೆ ಸರಿಸಾಟಿಯಿಲ್ಲ. ಗೃಹಶಿಲ್ಪ, ವ್ಯವಸಾಯ, ಪಿಟೀಲು, ಗ್ರೀಕ್ ಭಾಷೆ, ಇವುಗಳಲ್ಲಿ ಆತನಿಗೆ ಆಸಕ್ತಿಯಿಲ್ಲದುದೇ ಇರಲಿಲ್ಲ. ಮಾಂಟಿಸೆಲೋ ಎಂಬ ಬೆಟ್ಟದ ನೆತ್ತಿಯ ಮೇಲೆ ತಾನೇ ನಕ್ಷೆ ಬರೆದು ಮನೆ ಕಟ್ಟಿಸಿದನು. ಆ ಮನೆಯನ್ನೂ ಹೊಲಗಳನ್ನೂ ನಡೆಸುತ್ತಿದ್ದವರು ಗುಲಾಮರು. ತನ್ನ ಜೀವಮಾನದಲ್ಲಿ ಆತನು ಆರುನೂರಕ್ಕೂ ಮೇಲ್ಪಟ್ಟ ಮನುಷ್ಯರಿಗೆ ಒಡೆಯನಾಗಿದ್ದನು. ಆಡಮ್ಸನಾದರೋ ಒಬ್ಬ ಗುಲಾಮನನ್ನೂ ಇಟ್ಟುಕೊಂಡವನಲ್ಲ.

ಇವರಿಬ್ಬರೂ ಸಂಧಿಸಿದ್ದು ೧೭೭೫ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ ನೆರೆದ ಮಹಾಸಭೆಯಲ್ಲಿ. ಮರುವರ್ಷ ಸ್ವಾತಂತ್ರ್ಯದ ಘೋಷಣೆಯನ್ನು ಬರೆಯಲು ಐದು ಮಂದಿಯ ಒಂದು ಸಮಿತಿ ಏರ್ಪಟ್ಟಿತು. ಸಭೆಯಲ್ಲಿ ಸ್ವಾತಂತ್ರ್ಯದ ಪಕ್ಷವನ್ನು ಹಿಡಿದು ವಾದಿಸಿದವರಲ್ಲಿ ಅಗ್ರಗಣ್ಯನು ಆಡಮ್ಸ್. ಘೋಷಣೆಯನ್ನು ಬರೆದುಕೊಟ್ಟವನು ಜೆಫರ್ಸನ್. ನೀನೇ ಬರೆಯಬೇಕೆಂದು ತಾನು ಅವನನ್ನು ಒತ್ತಾಯಪಡಿಸಿದುದಾಗಿ ಆಡಮ್ಸನು ಮುಪ್ಪಿನಲ್ಲಿ ನೆನೆದುಕೊಂಡಿದ್ದಾನೆ. ಮನುಷ್ಯರೆಲ್ಲರೂ ಸಮಾನರಾಗಿ ಸೃಷ್ಟಿಯಾದವರು ಎಂಬ ತತ್ತ್ವವನ್ನು ಆ ಪತ್ರವು ಲೋಕಕ್ಕೆ ಸಾರಿತು. ಮೊದಲ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಒಂದು ಭಾಗವೂ ಇದ್ದಿತು. ಸಭೆಯವರು ಅದನ್ನು ಹೊಡೆದುಹಾಕಿದರು. ೧೭೭೬ನೆಯ ಜುಲೈ ೪ರಂದು ಅಂಗೀಕೃತವಾದ ಘೋಷಣೆಯಲ್ಲಿ ಆ ಮಾತುಗಳಿಲ್ಲ.

ಆ ಯುದ್ಧದ ಕಾಲದಲ್ಲಿ ನಮ್ಮ ನಾಡಿನ ಹೆಸರೊಂದು ಅಮೆರಿಕಾದ ಕಡಲಿನಲ್ಲಿ ಕೇಳಿಬಂದಿತೆಂಬುದನ್ನು ಇಲ್ಲಿಯೇ ಹೇಳಬಹುದು. ಆಂಗ್ಲರೊಡನೆ ಹೋರಾಡುತ್ತಿದ್ದ ಮೈಸೂರಿನ ಹೈದರಾಲಿಯ ಹೆಸರನ್ನು ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಇಟ್ಟಿದ್ದರು. ಜೋಷುವಾ ಬಾರ್ನಿ ಎಂಬ ನಾಯಕನ ಕೈಕೆಳಗೆ ಆ ನೌಕೆಯು ೧೭೮೨ನೆಯ ಏಪ್ರಿಲ್ ೮ರಂದು ಡೆಲಾವೇರ್ ಕೊಲ್ಲಿಯಲ್ಲಿ ತನಗಿಂತ ಬಲಶಾಲಿಯಾದ ಆಂಗ್ಲ ನೌಕೆಯೊಂದನ್ನು ಸೆರೆಹಿಡಿಯಿತು.

ಯುದ್ಧ ಮುಗಿದಮೇಲೆ ಇಬ್ಬರು ಮಿತ್ರರೂ ಹೊಸ ರಾಜ್ಯದ ಪ್ರತಿನಿಧಿಗಳಾಗಿ ಯೂರೋಪಿನಲ್ಲಿದ್ದರು. ಆಡಮ್ಸನು ಲಂಡನ್ನಿನಲ್ಲಿ, ಜೆಫರ್ಸನನು ಪ್ಯಾರಿಸ್ಸಿನಲ್ಲಿ. ೧೭೮೬ರ ವಸಂತದಲ್ಲಿ ಇಬ್ಬರೂ ಕೂಡಿ ಇಂಗ್ಲೆಂಡಿನ ಉದ್ಯಾನಗಳನ್ನು ನೋಡುತ್ತ ಸಂಚಾರಮಾಡಿದರು. ಸ್ಟ್ರಾಟ್‌ಫರ್ಡಿನಲ್ಲಿ ಷೇಕ್ಸ್‌ಪಿಯರ್ ಮಹಾಕವಿಯ ಮನೆಗೆ ಹೋಗಿ, ಆತನು ಕುಳಿತಿದ್ದುದೆಂದು ತೋರಿಸಿದ ಕುರ್ಚಿಯಿಂದ, ಅಲ್ಲಿನ ರೂಢಿಯಂತೆ, ಒಂದು ಚೂರು ಮರವನ್ನು ಕೆತ್ತಿಕೊಂಡರು. ಮರುವರ್ಷ ಜೆಫರ್ಸನನ ಎಂಟು ವರ್ಷದ ತಾಯಿಯಿಲ್ಲದ ಮಗಳು ಮೇರಿ ಸಮುದ್ರವನ್ನು ದಾಟಿ ಬಂದಾಗ, ಲಂಡನ್ನಿನಲ್ಲಿ ಅವಳನ್ನು ಬರಮಾಡಿಕೊಂಡು ಮಗಳಂತೆ ನೋಡಿಕೊಂಡವಳು ಆಡಮ್ಸನ ಹೆಂಡತಿ ಅಬಿಗೇಲ್.

ಈ ಸ್ನೇಹದ ಒಳಗೇ ಮತಭೇದದ ಬೀಜವೂ ಇದ್ದಿತು. ೧೭೮೭ರಲ್ಲಿ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗ ರಚಿತವಾಯಿತು. ಇಬ್ಬರೂ ಸ್ವದೇಶದಲ್ಲಿರಲಿಲ್ಲ, ಅದರ ಪ್ರತಿಯನ್ನು ದೂರದಿಂದಲೇ ಓದಿ ಪರಸ್ಪರ ಕಾಗದ ಬರೆದುಕೊಂಡರು. ಒಬ್ಬನೇ ಮನುಷ್ಯನು ಅಧ್ಯಕ್ಷನಾಗಿ ಮತ್ತೆ ಮತ್ತೆ ಚುನಾಯಿತನಾದರೆ ಅವನೇ ದೊರೆಯಾದಾನೆಂದು ಜೆಫರ್ಸನನ ಭಯ. ಆಡಮ್ಸನ ಭಯ ಬೇರೆ. ನೀನು ಒಬ್ಬನಿಗೆ ಅಂಜುತ್ತೀಯೆ, ನಾನು ಕೆಲವರಿಗೆ ಅಂಜುತ್ತೇನೆ ಎಂಬ ಅರ್ಥದಲ್ಲಿ ಅವನು ಉತ್ತರಕೊಟ್ಟನು. ಐಶ್ವರ್ಯವಂತರೂ ಕುಲೀನರೂ ಯಾವ ರಾಜ್ಯದಲ್ಲಾದರೂ ಅಧಿಕಾರವನ್ನು ನುಂಗಿಬಿಡುವರು. ಅವರಿಗೆ ಪ್ರತಿಯಾಗಿ ಬಲವಾದ ಅಧ್ಯಕ್ಷನಿರಬೇಕೆಂಬುದು ಅವನ ವಾದ. ಅಧಿಕಾರವನ್ನು ಜನರ ವಿವೇಕಕ್ಕೆ ಒಪ್ಪಿಸಬಹುದೆಂದು ಜೆಫರ್ಸನನು ನಂಬಿದ್ದನು. ಅಧಿಕಾರವನ್ನು ಯಾರಿಗೂ, ಜನರಿಗೂ ಕೂಡ, ಪೂರ್ತಿಯಾಗಿ ಒಪ್ಪಿಸಕೂಡದೆಂದು ಆಡಮ್ಸನು ನಂಬಿದ್ದನು.

೧೭೮೯ರ ಫ್ರೆಂಚ್ ಕ್ರಾಂತಿಯು ಈ ಭೇದವನ್ನು ಜಗಳವಾಗಿ ಮಾಡಿತು. ಜೆಫರ್ಸನನು ಅದನ್ನು ಹರ್ಷದಿಂದ ಸ್ವಾಗತಿಸಿದನು; ಅದು ರಕ್ತಪಾತದಲ್ಲಿ ಕೊನೆಗಾಣುವುದೆಂದು ಆಡಮ್ಸನು ಶಂಕಿಸಿದನು. ದೇಶದಲ್ಲಿ ಎರಡು ಪಕ್ಷಗಳು ಹುಟ್ಟಿದವು. ೧೭೯೬ರ ಚುನಾವಣೆಯಲ್ಲಿ ಆಡಮ್ಸನಿಗೆ ೭೧ ಮತಗಳೂ ಜೆಫರ್ಸನನಿಗೆ ೬೮ ಮತಗಳೂ ಬಂದವು. ಆಗಿನ ನಿಯಮದಂತೆ ಮೊದಲಿಗನು ಅಧ್ಯಕ್ಷನೂ ಎರಡನೆಯವನು ಉಪಾಧ್ಯಕ್ಷನೂ ಆದರು. ಹೀಗೆ ಎದುರು ಪಕ್ಷದ ನಾಯಕನನ್ನು ಪಕ್ಕದಲ್ಲಿಟ್ಟುಕೊಂಡು ಆಡಮ್ಸನು ರಾಜ್ಯಭಾರ ಮಾಡಬೇಕಾಯಿತು. ಇಬ್ಬರ ನಡತೆಯಲ್ಲಿಯೂ ಕಲಂಕವುಂಟು. ಸರ್ಕಾರವನ್ನು ನಿಂದಿಸಿ ಬರೆದವರನ್ನು ಸೆರೆಮನೆಗೆ ಕಳುಹಿಸುವ ಕಾನೂನಿಗೆ ಆಡಮ್ಸನು ೧೭೯೮ರಲ್ಲಿ ಸಹಿ ಹಾಕಿದನು. ಆಡಮ್ಸನನ್ನು ಹೀನಾಯವಾಗಿ ಬೈದು ಬರೆಯುತ್ತಿದ್ದ ಕ್ಯಾಲೆಂಡರ್ ಎಂಬ ಲೇಖಕನಿಗೆ ಜೆಫರ್ಸನನು ಗುಟ್ಟಾಗಿ ಹಣ ಕೊಟ್ಟನು. ಮಾತು ಮನೆ ಕೆಡಿಸಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಆದರೆ ಫ್ರಾನ್ಸಿನೊಡನೆ ಯುದ್ಧವಾಗಬೇಕೆಂದು ತನ್ನ ಪಕ್ಷದವರೇ ಕೂಗುತ್ತಿರುವಾಗ ಆಡಮ್ಸನು ಅವರ ಮಾತನ್ನು ತಳ್ಳಿಹಾಕಿ ೧೮೦೦ರಲ್ಲಿ ಸಂಧಿಮಾಡಿಕೊಂಡನೆಂಬುದನ್ನೂ ಮರೆಯಲಾಗದು. ಆ ಕಾರ್ಯವು ಅವನ ಪಕ್ಷವನ್ನೇ ಒಡೆಯಿತು.

ಅದೇ ವರ್ಷದ ಚುನಾವಣೆಯಲ್ಲಿ ಆಡಮ್ಸನು ಸೋತನು. ಜೆಫರ್ಸನನಿಗೂ ಅವನ ಪಕ್ಷದ ಬರ್ ಎಂಬುವನಿಗೂ ಸಮಸಮವಾಗಿ ಮತಗಳು ಬಂದುದರಿಂದ ತೀರ್ಮಾನವು ಪ್ರತಿನಿಧಿ ಸಭೆಗೆ ಹೋಗಿ, ಮೂವತ್ತಾರನೆಯ ಬಾರಿಯ ಮತಗ್ರಹಣದಲ್ಲಿ ಜೆಫರ್ಸನನು ಗೆದ್ದನು. ೧೮೦೧ನೆಯ ಮಾರ್ಚಿ ೪ರಂದು ಹೊಸ ಅಧ್ಯಕ್ಷನು ಪ್ರಮಾಣ ಸ್ವೀಕರಿಸತಕ್ಕದ್ದಾಗಿತ್ತು. ಅಂದು ಬೆಳಗಿನ ಜಾವ ನಾಲ್ಕು ಗಂಟೆಗೆ, ಊರು ಏಳುವುದಕ್ಕೆ ಮುಂಚೆ, ಆಡಮ್ಸನು ಬಂಡಿಯನ್ನೇರಿ ವಾಷಿಂಗ್ಟನ್ನಿನಿಂದ ಹೊರಟುಹೋದನು. ಗೆದ್ದವನ ಕೈಹಿಡಿದು ಶುಭ ಕೋರುವಷ್ಟು ಔದಾರ್ಯ ಅವನಿಗೆ ಬರಲಿಲ್ಲ. ಆದರೂ ಸೋತವನು ಸೈನ್ಯವನ್ನು ಕರೆಯಲಿಲ್ಲ. ಕುರ್ಚಿಯನ್ನು ಬಿಟ್ಟು ಎದ್ದುಹೋದನು. ಒಂದು ಪಕ್ಷದಿಂದ ಅದರ ವೈರಿ ಪಕ್ಷಕ್ಕೆ ಆ ರಾಜ್ಯದ ಆಡಳಿತವು ಶಾಂತವಾಗಿ ದಾಟಿದುದು ಅದೇ ಮೊದಲು. ಇಬ್ಬರೂ ಮತ್ತೆಂದೂ ಮುಖಾಮುಖಿಯಾಗಲಿಲ್ಲ.

ಹನ್ನೊಂದು ವರ್ಷ ಮೌನ. ನಡುವೆ, ೧೮೦೪ರಲ್ಲಿ, ಆ ಮಗಳು ಮೇರಿ ತೀರಿಕೊಂಡಾಗ ಅಬಿಗೇಲ್ ತಡೆಯಲಾರದೆ ಜೆಫರ್ಸನನಿಗೆ ಸಮಾಧಾನದ ಕಾಗದ ಬರೆದಳು. ಅದೂ ಹಳೆಯ ರಾಜಕೀಯದ ಮಾತಿಗೆ ತಿರುಗಿ ನಿಂತುಹೋಯಿತು. ಮುರಿದುದನ್ನು ಬೆಸೆದವನು ಇಬ್ಬರಿಗೂ ಮಿತ್ರನಾದ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಷ್. ತಾನೊಂದು ಕನಸು ಕಂಡೆನೆಂದು ಅವನು ೧೮೦೯ರಲ್ಲಿ ಆಡಮ್ಸನಿಗೆ ಬರೆದನು. ಕನಸಿನಲ್ಲಿ ಮುಂದಿನ ಕಾಲದ ಚರಿತ್ರೆಯ ಪುಸ್ತಕವೊಂದು ತೆರೆದಿತ್ತಂತೆ. ಇಬ್ಬರು ಮಾಜಿ ಅಧ್ಯಕ್ಷರೂ ಮತ್ತೆ ಸ್ನೇಹಿತರಾಗಿ, ಪತ್ರವ್ಯವಹಾರ ನಡೆಸಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಣ್ಮುಚ್ಚಿದರೆಂದು ಅದರಲ್ಲಿ ಬರೆದಿತ್ತಂತೆ.

೧೮೧೨ನೆಯ ಜನವರಿ ೧ರಂದು ಆಡಮ್ಸನು ಲೇಖನಿಯನ್ನು ಹಿಡಿದನು. ಮನೆಯಲ್ಲಿ ನೂತ ಬಟ್ಟೆಯ ಎರಡು ತುಂಡುಗಳನ್ನು ಬೇರೆಯಾಗಿ ಕಳುಹಿಸುತ್ತಿದ್ದೇನೆಂದು ಅದರಲ್ಲಿ ತಿಳಿಸಿದ್ದನು. ಬಟ್ಟೆ ಬರುವುದಕ್ಕೆ ಮೊದಲೇ ಜೆಫರ್ಸನನು ಉತ್ತರ ಬರೆದು, ವರ್ಜೀನಿಯಾದ ಮನೆಗಳಲ್ಲಿ ನೂಲುವುದೂ ನೇಯುವುದೂ ಹೇಗೆ ನಡೆದಿದೆಯೆಂದು ಗಂಭೀರವಾಗಿ ವಿವರಿಸಿದನು. ಕಟ್ಟು ಬಿಚ್ಚಿದಾಗ ಹೊರಬಂದುದು ಆಡಮ್ಸನ ಮಗನು ಬರೆದ ಅಲಂಕಾರಶಾಸ್ತ್ರದ ಎರಡು ಸಂಪುಟಗಳು! ಹೀಗೆ ಹುಡುಗಾಟದಿಂದ ಮೊದಲಾದ ಪತ್ರವ್ಯವಹಾರವು ಹದಿನಾಲ್ಕು ವರ್ಷ ನಡೆಯಿತು. ಒಟ್ಟು ೧೫೮ ಕಾಗದಗಳು. ಅವುಗಳಲ್ಲಿ ೧೦೯ ಆಡಮ್ಸನವು. ಒಂದಕ್ಕೆ ಉತ್ತರ ಬರುವುದರೊಳಗೆ ಇನ್ನೆರಡು ಬರೆಯುವ ಆತುರ ಅವನದು.

ನಾವು ಒಬ್ಬರಿಗೊಬ್ಬರು ನಮ್ಮ ಮನಸ್ಸನ್ನು ವಿವರಿಸದೆ ಸಾಯಕೂಡದು ಎಂದು ೧೮೧೩ರಲ್ಲಿ ಆಡಮ್ಸನು ಬರೆದುದೇ ಈ ಕಾಗದಗಳ ತಿರುಳು. ಅದೇ ವರ್ಷ ಶ್ರೇಷ್ಠರೆಂಬುವರು ಯಾರೆಂಬ ಚರ್ಚೆ ನಡೆಯಿತು. ಶೀಲ ಮತ್ತು ಪ್ರತಿಭೆಗಳಿಂದ ಬಂದ ಹಿರಿತನ ಸಹಜವಾದುದು. ಹಣ ಮತ್ತು ಜನ್ಮಗಳಿಂದ ಬಂದುದು ಕೃತಕ. ಜನರಿಗೆ ವಿದ್ಯೆ ಕೊಟ್ಟು ಸ್ವತಂತ್ರವಾಗಿ ಆರಿಸಲು ಬಿಟ್ಟರೆ ಸಾಮಾನ್ಯವಾಗಿ ಸಹಜ ಶ್ರೇಷ್ಠರನ್ನೇ ಆರಿಸುವರು ಎಂದು ಜೆಫರ್ಸನನ ಪಕ್ಷ. ಆಡಮ್ಸನು ಒಪ್ಪಲಿಲ್ಲ. ರೂಪ, ಐಶ್ವರ್ಯ, ಜನ್ಮ, ಪ್ರತಿಭೆ, ಶೀಲ, ಇವು ಹಿರಿತನದ ಐದು ಕಂಬಗಳು. ಮೊದಲ ಮೂರರಲ್ಲಿ ಯಾವುದಾದರೊಂದು ಸಾಕು, ಕಡೆಯ ಎರಡನ್ನೂ ಕೆಡವಿಬಿಡುವುದಕ್ಕೆ ಎಂದನು. ಚುನಾವಣೆಗಳನ್ನು ಕಂಡಿರುವ ನಾವು ಈ ಎರಡು ಮಾತುಗಳಲ್ಲಿ ಯಾವುದನ್ನು ಅಲ್ಲವೆನ್ನೋಣ? ವಾದದಲ್ಲಿ ಇಬ್ಬರೂ ಸೋಲಲಿಲ್ಲ. ಆದರೆ ಎದುರಾಳಿಯ ಮಾತನ್ನು ಪೂರ್ತಿಯಾಗಿ ಕೇಳಿ, ಒಪ್ಪದೆ, ಮುಂದಿನ ಕಾಗದವನ್ನು ಪ್ರೀತಿಯಿಂದಲೇ ಮೊದಲುಮಾಡುವುದನ್ನು ಕಲಿತರು. ೧೮೨೩ರಲ್ಲಿ, ಜಗಳದ ಕಾಲದಲ್ಲಿ ಆಡಮ್ಸನು ಜೆಫರ್ಸನನನ್ನು ಹಳಿದು ಬೇರೊಬ್ಬನಿಗೆ ಬರೆದಿದ್ದ ಕಾಗದಗಳು ಅಚ್ಚಾಗಿ ಹೊರಬಿದ್ದವು. ಇದರಿಂದ ನೊಂದುಕೊಳ್ಳಬೇಡ, ಅರ್ಧ ಶತಮಾನದ ಸ್ನೇಹವನ್ನು ಇಂಥವು ಕದಲಿಸಲಾರವು ಎಂದು ಜೆಫರ್ಸನನು ಬರೆದನು. ಬೆಳಗಿನ ಉಪಾಹಾರದ ವೇಳೆಯಲ್ಲಿ ಮನೆಯವರೆಲ್ಲರೆದುರಿಗೆ ಅದನ್ನು ಓದಿಸಿದಾಗ, ಇದಕ್ಕಿಂತ ಒಳ್ಳೆಯ ಕಾಗದವಿಲ್ಲವೆಂದು ಎಲ್ಲರೂ ಕೊಂಡಾಡಿದರಂತೆ.

ಇಷ್ಟನ್ನೂ ವಿವರಿಸಿಕೊಂಡವರು ಒಂದನ್ನು ಮಾತ್ರ ವಿವರಿಸಿಕೊಳ್ಳಲಿಲ್ಲ. ಪಶ್ಚಿಮದ ಮಿಸೂರಿ ಪ್ರಾಂತಕ್ಕೆ ಗುಲಾಮಗಿರಿಯನ್ನು ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ೧೮೨೦ರ ಸುಮಾರಿನಲ್ಲಿ ದೇಶವನ್ನು ಅಲುಗಿಸಿತು. ಮರುವರ್ಷ ಆ ಮಾತು ಕಾಗದಗಳೊಳಕ್ಕೂ ಬಂದಿತು. ಗುಲಾಮರಿಗೆ ಬಿಡುಗಡೆಯಾದರೆ ಏನಾದೀತೋ ಎಂದು ಜೆಫರ್ಸನನು ಅಂಜಿಕೆಯನ್ನು ತೋಡಿಕೊಂಡನು. ಐವತ್ತು ವರ್ಷಗಳಿಂದ ಇದು ದೇಶದ ಮೇಲೆ ಕರಿಯ ಮೋಡದಂತೆ ತೂಗುತ್ತಿದೆಯೆಂದು ಆಡಮ್ಸನು ಉತ್ತರ ಬರೆದನು. ಆದರೂ ಇದನ್ನು ದಕ್ಷಿಣದ ಮಹನೀಯರಿಗೇ ಬಿಡುತ್ತೇನೆಂದು ತಾನು ಹಿಂದೆ ಹೇಳುತ್ತಿದ್ದುದನ್ನೂ ತಿಳಿಸಿದನು. ಮಾತು ಅಲ್ಲಿಗೆ ನಿಂತಿತು. ಎಲ್ಲದರಲ್ಲಿಯೂ ವಾದಹೂಡುತ್ತಿದ್ದ ಆಡಮ್ಸನು, ತನ್ನ ಪಕ್ಷ ನ್ಯಾಯವಾಗಿದ್ದ ಈ ಒಂದು ವಿಷಯದಲ್ಲಿ ಮಿತ್ರನನ್ನು ಎದುರಿಸಲಿಲ್ಲ. ಮರಳಿ ದೊರೆತ ಸ್ನೇಹವು ಮತ್ತೆ ಮುರಿದೀತೆಂಬ ಅಂಜಿಕೆಯೂ ಇದ್ದಿರಬಹುದು.

೧೮೨೬ನೆಯ ಜುಲೈ ೪ರಂದು ಸ್ವಾತಂತ್ರ್ಯದ ಘೋಷಣೆಗೆ ಐವತ್ತು ವರ್ಷ ತುಂಬಿತು. ದೇಶವೆಲ್ಲ ಹಬ್ಬ ಮಾಡುತ್ತಿರುವಾಗ, ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಮಾಂಟಿಸೆಲೋದಲ್ಲಿ ಜೆಫರ್ಸನನು ತೀರಿಕೊಂಡನು, ವಯಸ್ಸು ೮೩. ಅದೇ ಸಂಜೆ ತನ್ನ ಊರಿನಲ್ಲಿ ಆಡಮ್ಸನು ತೀರಿಕೊಂಡನು, ವಯಸ್ಸು ೯೦. ಜೆಫರ್ಸನ್ ಇನ್ನೂ ಇದ್ದಾನೆ ಎಂಬ ಅರ್ಥದ ಮಾತು ಅವನ ಬಾಯಿಂದ ಕಡೆಗೆ ಬಂದಿತೆಂದು ಪ್ರತೀತಿ. ರಷ್ ಕಂಡ ಕನಸು ಹೀಗೆ ನಿಜವಾಯಿತು. ಜನರು ಇದರಲ್ಲಿ ದೈವದ ಕೈಯನ್ನು ಕಂಡರು.

ಆದರೆ ಕಥೆ ಅಂದಿಗೆ ಮುಗಿಯಲಿಲ್ಲ. ಜೆಫರ್ಸನನು ಲಕ್ಷ ಡಾಲರಿಗೂ ಮೀರಿದ ಸಾಲವನ್ನು ಬಿಟ್ಟುಹೋಗಿದ್ದನು. ೧೮೨೭ರ ಜನವರಿಯಲ್ಲಿ ಮಾಂಟಿಸೆಲೋದ ಪಶು, ಪೀಠೋಪಕರಣಗಳ ಜೊತೆಗೆ ೧೩೦ ಮಂದಿ ಗುಲಾಮರು ಹರಾಜಿಗೆ ಬಂದರು. ಉಯಿಲಿನಲ್ಲಿ ಅವನು ಬಿಡುಗಡೆ ಮಾಡಿದ್ದುದು ಐವರನ್ನು ಮಾತ್ರ. ಅವರಲ್ಲೊಬ್ಬನು ಕಮ್ಮಾರ ಜೋಸೆಫ್ ಫಾಸೆಟ್. ತನಗೆ ಸ್ವಾತಂತ್ರ್ಯವುಂಟೆಂದು ತಿಳಿದ ಆ ಮನುಷ್ಯನು, ಅಡಿಗೆಯವಳಾದ ತನ್ನ ಹೆಂಡತಿಯೂ ಮಕ್ಕಳೂ ಬೇರೆ ಬೇರೆ ಕೈಗಳಿಗೆ ಮಾರಾಟವಾಗುವುದನ್ನು ನೋಡಬೇಕಾಯಿತು. ಅವರಲ್ಲಿ ಕೆಲವರನ್ನು ಮುಂದೆ ತನ್ನ ದುಡಿಮೆಯಿಂದ ಬಿಡಿಸಿಕೊಂಡನು. ಹಿರಿಯರು ವಿವರಿಸದೆ ಬಿಟ್ಟ ಪ್ರಶ್ನೆಗೆ ಮೊಮ್ಮಕ್ಕಳ ಕಾಲದವರು ೧೮೬೧ರಿಂದ ೧೮೬೫ರವರೆಗೆ ರಣರಂಗದಲ್ಲಿ ಉತ್ತರ ಹೇಳಬೇಕಾಯಿತು.

ಈ ಇಬ್ಬರನ್ನೂ ದೇವತೆಗಳೆಂದು ಪೂಜಿಸಬೇಕಾದುದಿಲ್ಲ. ಕಪಟಿಗಳೆಂದು ತಳ್ಳಿಬಿಡುವುದೂ ನ್ಯಾಯವಲ್ಲ. ವೈರವನ್ನು ಮಾತಿನಿಂದ ಕರಗಿಸಬಹುದೆಂಬುದನ್ನು ಅವರು ನಡೆದು ತೋರಿಸಿದರು. ಸ್ನೇಹದ ಸೌಖ್ಯಕ್ಕಾಗಿ ಮಾತನ್ನು ನುಂಗಿದರೆ ಅದರ ಬೆಲೆಯನ್ನು ತೆರುವವರು, ಆ ಕಾಗದಗಳಲ್ಲಿ ತಮ್ಮ ಹೆಸರು ಕೂಡ ಇಲ್ಲದ ಮೂರನೆಯವರು. ಜೋಸೆಫ್ ಫಾಸೆಟ್ಟನು ಅಂಥವರಲ್ಲೊಬ್ಬನು. ಆ ೧೫೮ ಕಾಗದಗಳನ್ನು ಓದುವಾಗ ಅವನನ್ನೂ ನೆನೆಯುವುದು ಉಚಿತ.